ರುಚಿ ನೋಡದ ಚಹಾ

ಬೈಲಹೊಂಗಲ ಸೀಮೆಯಲ್ಲಿ ಚಹಾ ಬೇಡ ಅನ್ನುವುದು ಎಂಥ ಕಷ್ಟದ ಕೆಲಸ ಅಂತ ಅಲ್ಲಿ ಮಿಷನರಿಯಾಗಿ ಒಂದು ವಾರ ತಿರುಗಿದವರಿಗಷ್ಟೇ ಗೊತ್ತು. ಜನ ಮಾರ್ಮನ್ ಅಂತ ಕರೆಯುವ ಕ್ರೈಸ್ತ ಸಭೆ ನಮ್ಮದು. ಸೆರೆ, ತಂಬಾಕು, ಚಹಾ, ಕಾಫಿ ಇಷ್ಟೂ ನಮಗೆ ವರ್ಜ್ಯ. ಸೆರೆ, ತಂಬಾಕು ಒಲ್ಲೆ ಅಂದರೆ ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಚಹಾ ಒಲ್ಲೆ ಅಂದರೆ ಮಾತ್ರ ಮನೆಯವರ ಮುಖ ಸಪ್ಪಗಾಗುತ್ತದೆ.

“ಒಂದ ಬಶಿ ತುಂಬ ಅಷ್ಟ ತಗೋರಿ.”

“ನಾವು ಚಾ ಕುಡಿಯಂಗಿಲ್ರಿ.”

“ಹಂಗಾರ ಕಾಫಿ ಮಾಡ್ತೇನಿ.”

“ಅದೂ ಇಲ್ರಿ.”

“ಅಯ್ಯ ಪಾಪ! ಇಷ್ಟ ಸಣ್ಣ ವಯಸ್ಸಿನ್ಯಾಗ ಶುಗರ್ ಏನ್ರಿ?”

ನಾನು ಹುಬ್ಬಳ್ಳಿಯ ಹುಡುಗಿ. ಮಾತು ಜಾಸ್ತಿ, ತಾಳ್ಮೆ ಕಡಿಮೆ, ಹೊಟ್ಟೆ ಹಸಿದರೆ ಮನುಷ್ಯಳೇ ಅಲ್ಲ. ನನ್ನ ಜೊತೆಗಾತಿ ಆಂಧ್ರದ ಸಮುದ್ರದಂಡೆಯವಳು. ಅವಳಿಗೆ ತಾಳ್ಮೆ ಬೇಕಾದಷ್ಟಿತ್ತು, ಕನ್ನಡ ಮಾತ್ರ ಪುಸ್ತಕದಿಂದ ಕಲಿತದ್ದು. ನಮ್ಮಲ್ಲಿ ಮಿಷನರಿಗಳು ಯಾವಾಗಲೂ ಜೋಡಿ. ಒಬ್ಬಳ ಕಣ್ಣಳತೆ ಬಿಟ್ಟು ಇನ್ನೊಬ್ಬಳು ಹೋಗುವಂತಿಲ್ಲ. ಕರೆಯದ ಮನೆಗೆ ಕಾಲಿಡುವಂತಿಲ್ಲ. ಎದೆಯ ಮೇಲೆ ಸದಾ ಕರಿ ಬಿಲ್ಲೆ ಇರಬೇಕು. ಅದರ ಮೇಲೆ ‘ಸಿಸ್ಟರ್’ ಅಂತ ಬರೆದದ್ದನ್ನು ಓದಿ ಬಸ್ಸಿನಲ್ಲಿ ಅಜ್ಜಿಯಂದಿರು ತೋಳು ಮುಂದೆ ಮಾಡಿ “ಬಿಪಿ ನೋಡ್ರಿ ಒಂದೀಟು” ಅನ್ನುತ್ತಿದ್ದರು. ನಾವು ದವಾಖಾನೆಯವರಲ್ಲ ಅಂದರೆ, ಸೊಕ್ಕಿನವರು ಅಂತ ಮುಖ ತಿರುಗಿಸುತ್ತಿದ್ದರು.

ವಾರ ಶುರುವಾಗುವುದು ಸೋಮವಾರದ ಬಟ್ಟೆ ಒಗೆತದಿಂದ. ಅವತ್ತೇ ಕಾಯಿಪಲ್ಯ ತರುವುದು, ಅವತ್ತೇ ಅವ್ವನಿಗೆ ಫೋನು. ಮಂಗಳವಾರ ಬೇರೆ ಊರಿನ ಮಿಷನರಿಗಳ ಜೊತೆ ಮೊಬೈಲಿನಲ್ಲಿ ಸಭೆ. ನೆಟ್‌ವರ್ಕ್ ಸಿಗಲಿ ಅಂತ ಇಬ್ಬರೂ ಮಾಳಿಗೆಯ ಮೇಲೆ ಕೊಡೆ ಹಿಡಿದು ಕೂರುತ್ತಿದ್ದೆವು. ಬುಧವಾರ ಕಿತ್ತೂರು. ಅಲ್ಲಿ ಮೊಣಕಾಲು ಹಿಡಿದು ಮನೆಯಲ್ಲೇ ಕುಳಿತ ಒಬ್ಬ ನಿವೃತ್ತ ಕಂಪೌಂಡರ್ ಇದ್ದರು. ನಾವು ಗ್ರಂಥ ಓದಿ ಹೇಳಬೇಕು, ಅವರು ನಿದ್ದೆ ಮಾಡಬೇಕು, ನಿಲ್ಲಿಸಿದರೆ ಎಚ್ಚರಾಗಿ “ಮುಂದ?” ಅನ್ನಬೇಕು. ಗುರುವಾರ ಸವದತ್ತಿ, ಕರೆ ಬಂದರೆ ಅಲ್ಲಿಂದ ಚಚಡಿ. ಶುಕ್ರವಾರ ರಾಮದುರ್ಗ ದಾಟಿ ಸುರೇಬಾನ. ಶನಿವಾರ ಬೈಲಹೊಂಗಲದ ನಮ್ಮ ಪ್ರಾರ್ಥನಾ ಕೋಣೆಯ ಕಸ ಹೊಡೆಯುವುದು. ಅದು ಬೀಜ-ಗೊಬ್ಬರದ ಅಂಗಡಿಯ ಮೇಲಿನ ಕೋಣೆ. ಎಷ್ಟು ಒರೆಸಿದರೂ ಗೊಬ್ಬರದ ವಾಸನೆ ಹೋಗುತ್ತಿರಲಿಲ್ಲ. ರವಿವಾರ ಅದೇ ವಾಸನೆಯ ನಡುವೆ ಯೇಸುವಿನ ನೆನಪಿಗೆ ಬೇಕರಿ ಬ್ರೆಡ್ಡಿನ ಚೂರು, ಗುಟುಕು ನೀರು, ಹಾಡು, ಪ್ರಾರ್ಥನೆ.

ಇಡೀ ವಾರದಲ್ಲಿ ನಾನು ಕಾಯುತ್ತಿದ್ದದ್ದು ಶುಕ್ರವಾರಕ್ಕೆ. ಸುರೇಬಾನದಲ್ಲಿ ಬಸ್ಸು ನಿಲ್ಲುವ ಜಾಗದ ಬಾಜೂಕ್ಕೆ ನಮ್ಮ ಸಭೆಯ ಒಬ್ಬ ಅಕ್ಕನ ಅಂಗಡಿ ಇತ್ತು. ಎಂಥ ಅಂಗಡಿ ಅಂದರೆ, ಚಹಾದಂಗಡಿ! ನಾನು ಮೊದಲ ಸಲ ನೋಡಿದಾಗ ನಕ್ಕುಬಿಟ್ಟಿದ್ದೆ. ಕುಡಿಯಬಾರದು ಅಂತ ನೇಮವಿದೆ, ಮಾರಬಾರದು ಅಂತ ಎಲ್ಲೂ ಇಲ್ಲ. ಅಕ್ಕನೂ ಅವಳ ಗಂಡನೂ ಗೋವೆಯಲ್ಲಿ ಹೊಟೇಲ್ ಕೆಲಸಕ್ಕಿದ್ದಾಗ ನಮ್ಮ ಸಭೆಗೆ ಸೇರಿದವರು. ಗಂಡ ಚಹಾದ ಹುಚ್ಚ. ಬಿಟ್ಟ ಮೇಲೂ ಸಂಜೆ ಚಹಾದಂಗಡಿಯ ಮುಂದೆ ಸುಮ್ಮನೆ ನಿಂತು ಮೂಗು ಅರಳಿಸುತ್ತಿದ್ದನಂತೆ. “ವಾಸನಿ ತಗೋಬ್ಯಾಡ ಅಂತ ಯಾವ ದೇವರೂ ಹೇಳಿಲ್ಲ” ಅನ್ನುತ್ತಿದ್ದನಂತೆ. ಒಂದು ಮುಂಜಾನೆ ಎದೆನೋವು ಅಂದವನು ಮಧ್ಯಾಹ್ನಕ್ಕೆ ಇರಲಿಲ್ಲ. ಅಕ್ಕ ತವರೂರು ಸುರೇಬಾನಕ್ಕೆ ಬಂದು ಒಲೆ ಹೂಡಿದಳು. ರವಿವಾರ ಅಂಗಡಿ ಮುಚ್ಚಿ ಮೊದಲ ಬಸ್ಸಿಗೆ ಬೈಲಹೊಂಗಲಕ್ಕೆ ಬರುತ್ತಿದ್ದಳು. ಒಂದು ವಾರವೂ ತಪ್ಪಿಸಿದವಳಲ್ಲ.

ಅಂಥ ಒಂದು ರವಿವಾರ ನಮ್ಮ ಶಾಖೆಯ ಅಧ್ಯಕ್ಷರು ಸುದ್ದಿ ಹೇಳಿದರು. ಅವರು ಸಂಬಳದ ಪಾದ್ರಿಯಲ್ಲ, ವಾರವೆಲ್ಲ ಮೋಟರ್ ವೈಂಡಿಂಗ್ ಮಾಡುವ ಮನುಷ್ಯ. ಯುಗಾದಿ, ರಮಜಾನ್ ಎರಡೂ ಮುಗಿದ ಮೇಲೆ ಎಲ್ಲರೂ ಕೂಡಿ ರೈಲಿನಲ್ಲಿ ದೂರದ ನಮ್ಮ ದೇವಾಲಯಕ್ಕೆ ಹೋಗುವುದು. ಬರುವವರು ಮೊದಲು ತಮ್ಮೊಡನೆ ಕುಳಿತು ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಅಂದರು. ಆ ದೇವಾಲಯದಲ್ಲಿ ಗಂಡ ಹೆಂಡತಿಯನ್ನು ಸಾವಿನ ಆಚೆಗೂ ಬೆಸೆಯುವ ವಿಧಿ ಇದೆ. ಒಬ್ಬರು ತೀರಿಹೋಗಿದ್ದರೂ ಆಗುತ್ತದೆ. ಅವರ ಹೆಸರಿಗೆ ಇನ್ನೊಬ್ಬರು ನಿಲ್ಲುತ್ತಾರೆ. ನಮ್ಮವರಿಗೆ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಪ್ರಾರ್ಥನೆ ಮುಗಿದು ಎಲ್ಲರೂ ಇಳಿದ ಮೇಲೆ ಅಕ್ಕ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದಳು. ನಮ್ಮನ್ನು ಅವಳು ಸಾಲಿ ಕಲಿಸುವವರನ್ನು ಕರೆದ ಹಾಗೆ ಅಕ್ಕೋರ ಅಂತ ಕರೆಯುತ್ತಿದ್ದಳು.

“ಅಕ್ಕೋರ, ನನ್ನಂಥಾಕಿ ಅಲ್ಲಿಗೆ ಹೋಗಬಹುದೇನ್ರಿ?”

“ಯಾಕ ಹೋಗಬಾರದು? ನಿಮ್ಮಷ್ಟ ನೇಮದವರು ಯಾರ ಅದಾರ?”

“ನಾ ದಿನಾ ಚಾ ರುಚಿ ನೋಡ್ತೇನ್ರಿ. ನುಂಗೂದಿಲ್ಲ, ನಾಲಿಗಿಗೆ ಹಚ್ಚಿ ಉಗುಳ್ತೇನಿ. ಆದ್ರೂ ನಾಲಿಗಿಗೆ ಹತ್ತೂದು ಹತ್ತೇ ಹತ್ತತೈತಲ್ಲ? ಚಾದ ನೇಮ ಪಾಳಸ್ತೀರೇನು ಅಂತ ಅವರು ಕೇಳಿದ್ರ ನಾ ಏನಂತ ಹೇಳ್ಲಿ?”

ಅಷ್ಟಕ್ಕೆಲ್ಲ ಅಡ್ಡಿಯಿಲ್ಲ ಬಿಡಿ ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಅಕ್ಕ ಮುಂದುವರಿಸಿದಳು.

“ನಮ್ಮ ಮನಿಯವರ ಹೆಸರಿನ ಬಾಜೂಕ ನನ್ನ ಹೆಸರು ಸೇರಬೇಕ್ರಿ. ಈ ಜನ್ಮಕ್ಕ ನನಗ ಬೇಕಾಗಿದ್ದು ಅದೊಂದಽ. ಮನಸ್ಸಿನ್ಯಾಗ ಇಷ್ಟ ಅಳುಕ ಇಟಗೊಂಡು ಅವರ ಮುಂದ ಹ್ಯಾಂಗ ನಿಂದರ್ಲಿ?”

ಅವತ್ತು ಸಂಜೆ ನಾನು ಅಧ್ಯಕ್ಷರಿಗೆ ಫೋನ್ ಹಚ್ಚಿ, ಉಗುಳಿದರೆ ಕುಡಿದ ಹಾಗಲ್ಲ ಅಂತ ನೀವೇ ಒಂದು ಮಾತು ಹೇಳಿಬಿಡಿ ಅಂದೆ. “ಸಿಸ್ಟರ್, ಪ್ರಶ್ನೆ ಕೇಳೂದಷ್ಟ ನನ್ನ ಕೆಲಸ. ಉತ್ತರಾ ಅವರದು. ನಾ ನಡೀತೈತಿ ಅಂದ್ರ ಅವರಿಗೆ ಸಮಾಧಾನ ಆಗತೈತೇನು?” ಅಂದರು. ನನಗೆ ಸಿಟ್ಟು ಬಂತು. ಹೌದು ಅಥವಾ ಅಲ್ಲ ಅನ್ನಲು ಇವರಿಗೇನು ಧಾಡಿ ಅಂತ ಪಾತ್ರೆ ತಿಕ್ಕುತ್ತಾ ಗೊಣಗಿದೆ. ಜೊತೆಗಾತಿ ಪಾತ್ರೆ ಒರೆಸುತ್ತಾ, “ನಾವು ಅಕ್ಕನವರಿಗೆ ರುಚಿ ನೋಡದೆ ಮಾಡಲು ಸಹಾಯ ಮಾಡೋಣ” ಅಂದಳು, ಪುಸ್ತಕದ ಕನ್ನಡದಲ್ಲಿ.

ಹೇಳುವುದು ಸುಲಭ. ಅಕ್ಕನದು ಬೆಲ್ಲದ ಚಹಾ. ಅದಕ್ಕೇ ಅವಳ ಅಂಗಡಿಗೆ ಹೆಸರು. ಬೆಲ್ಲದ ಅಚ್ಚು, ನಮ್ಮ ಕಡೆ ಪೆಂಟೆ ಅನ್ನುತ್ತಾರೆ, ಒಂದೊಂದು ಒಂದೊಂದು ಥರ. ಒಂದು ಸಿಹಿ, ಒಂದು ಸಪ್ಪೆ, ಇನ್ನೊಂದರಲ್ಲಿ ಉಪ್ಪಿನ ಅಂಶ. ಉಪ್ಪಿನ ಬೆಲ್ಲ ಬಿದ್ದರೆ ಹಾಲು ಒಡೆಯುತ್ತದೆ. ಎಮ್ಮೆ ಹಾಲೂ ದಿನಕ್ಕೊಂದು ಗಟ್ಟಿ. ಇಷ್ಟನ್ನೂ ಅಕ್ಕನ ನಾಲಿಗೆ ನೋಡಿಕೊಳ್ಳುತ್ತಿತ್ತು.

ಮುಂದಿನ ಶುಕ್ರವಾರ ಜೊತೆಗಾತಿ ಅಕ್ಕನ ಸ್ಟೀಲ್ ಚೊಂಬಿನ ಮೇಲೆ ಉಗುರುಬಣ್ಣದಿಂದ ಗೆರೆ ಎಳೆದಳು: ಹಾಲು ಇಲ್ಲಿಯವರೆಗೆ, ನೀರು ಇಲ್ಲಿಯವರೆಗೆ. ನಾನು ಬೆಲ್ಲ ಕುಟ್ಟಿ ಒಂದೇ ಅಳತೆಯ ಗುಂಡು ಕಟ್ಟಿದೆ. ಇಬ್ಬರಿಗೂ ಬಹಳ ಹೆಮ್ಮೆ. ಮೊದಲ ಕುದಿ ಪರವಾಗಿಲ್ಲ ಅನ್ನಿಸಿತು. ಎರಡನೆಯದನ್ನು ಕುಡಿದವರು ಅರ್ಧಕ್ಕೇ ಲೋಟ ಇಟ್ಟು ಹೋದರು. ಮೂರನೆಯದು, ರಾಮದುರ್ಗದ ಬಸ್ಸು ಬಂದು ಜನ ಇಳಿಯುವ ಹೊತ್ತಿಗೆ ಸರಿಯಾಗಿ, ಪಾತೇಲಿಯಲ್ಲಿ ಒಡೆದು ಕೂತಿತು. ಅಕ್ಕ ಪಾತೇಲಿ ಇಳಿಸಿ ಹಿಂದೆ ಹೋಗಿ ಚೆಲ್ಲಿ ಬಂದಳು. ನಾನು ನಾಚಿಕೆಯಿಂದ ಬಿಲ್ಲೆ ಮುಚ್ಚುವ ಹಾಗೆ ಸೆರಗು ಎಳೆದುಕೊಂಡೆ.

ಗಿರಾಕಿಗಳನ್ನೇ ಕೇಳಿದರಾಯಿತು ಅಂದುಕೊಂಡೆವು. ಒಬ್ಬ “ಸಪ್ಪಗೈತಿ” ಅಂದ. ಅವನ ಬಗಲಿಗೆ ಕುಂತವನು “ಪಾಯಸ ಮಾಡೀಯೇನ ಯಕ್ಕಾ?” ಅಂದ. ಎರಡೂ ಒಂದೇ ಪಾತೇಲಿಯ ಚಹಾ!

ಆಗ ಮುಂದೆ ಬಂದವರು ಟಂಟಂ ಅಣ್ಣ. ಸುರೇಬಾನದಿಂದ ರಾಮದುರ್ಗಕ್ಕೆ ಟಂಟಂ ಆಟೋ ಹೊಡೆಯುವ ಮುಸಲ್ಮಾನರು, ಅಕ್ಕನ ಅಂಗಡಿಯ ನೆರಳಿನಲ್ಲೇ ಗಾಡಿ ಹಚ್ಚುವವರು. ಅಕ್ಕನ ಚಹಾ ಅವರಿಗೆ ತಮ್ಮ ಅಂಗೈಯಷ್ಟು ಪರಿಚಯ. “ನನ್ನ ನಾಲಿಗಿ ಏನ್ ಸುಮ್ನಽ ಬಿದ್ದೈತೇನ ಯಕ್ಕಾ? ಮೊದಲನೇ ಗುಟಕ ನನಗ ಕೊಡು. ಹೆಚ್ಚು ಕಮ್ಮಿ ನಾ ಹೇಳ್ತೇನಿ” ಅಂದರು. ಎಷ್ಟು ಚೆಂದ ನಡೆಯಿತೆಂದರೆ, ಮುಂದಿನ ಎರಡು ಶುಕ್ರವಾರ ನಾವು ಹೋದಾಗ ಅಕ್ಕ ಹಾಡು ಗುನುಗುತ್ತಿದ್ದಳು. ನಾಲಿಗೆಗೆ ಹನಿ ಮುಟ್ಟಿಸಿಲ್ಲ ಅಂತ ಬಾಯಿ ತೆರೆದು ತೋರಿಸಿದಳು. ನಾನು ಮನಸ್ಸಿನಲ್ಲೇ ಅವಳನ್ನು ರೈಲು ಹತ್ತಿಸಿಬಿಟ್ಟೆ.

ಅಷ್ಟರಲ್ಲಿ ರಮಜಾನಿನ ಚಂದ್ರ ಕಂಡ.

ಶುಕ್ರವಾರ ನಾವು ಬಸ್ಸಿಳಿದಾಗ ಅಂಗಡಿ ಅರ್ಧ ಮುಚ್ಚಿತ್ತು. ಟಂಟಂ ಅಣ್ಣ ಅಪರಾಧಿಯ ಹಾಗೆ ಗಾಡಿಯ ಚಕ್ರ ಒದೆಯುತ್ತಾ ನಿಂತಿದ್ದರು. “ರೋಜಾ ಹಿಡದೇನ್ರಿ ಅಕ್ಕೋರ. ಇನ್ನ ತಿಂಗಳತನಾ ಹಗಲಿನ್ಯಾಗ ನನ್ನ ನಾಲಿಗಿಗೆ ರಜಾ” ಅಂದರು. ನಾಲ್ಕು ದಿನದಿಂದ ಅಕ್ಕನ ಚಹಾ ಒಮ್ಮೆ ಹಾಗೆ, ಒಮ್ಮೆ ಹೀಗೆ. ಎದುರಿನ ಅಂಗಡಿಗೆ ಗಿರಾಕಿ ಹೋಗತೊಡಗಿದ್ದರು.

“ಇರ್ಲಿ ಬಿಡ್ರಿ ಅಕ್ಕೋರ,” ಅಂದಳು ಅಕ್ಕ. “ನಾ ಮತ್ತ ಮೊದಲಿನಂಗ ರುಚಿ ನೋಡಾಕ ಚಾಲೂ ಮಾಡ್ತೇನಿ. ಹೊಟ್ಟಿ ನಡೀಬೇಕಲ್ಲ. ಅವರು ಕಾಯ್ತಾರ. ಸತ್ತವರಿಗೇನ್ರಿ ಅವಸರ?”

ಹೇಳುವಾಗ ನಕ್ಕಳು. ನಾನು ಬಸ್ಸಿನಲ್ಲಿ ಬೈಲಹೊಂಗಲ ಬರುವವರೆಗೂ ಅತ್ತೆ. ಬಾಜೂಕ್ಕೆ ಕುಳಿತ ಅಜ್ಜಿ ತನ್ನ ಸೆರಗಿನಿಂದ ನನ್ನ ಮುಖ ಒರೆಸಿ, “ಯಾರರ ಪೇಶಂಟ್ ಹೋದರೇನ ತಂಗಿ?” ಅಂದಳು.

ಆ ರವಿವಾರ ನಮ್ಮ ಉಪವಾಸ. ನಾವು ತಿಂಗಳ ಮೊದಲ ರವಿವಾರ ಎರಡು ಹೊತ್ತು ಅನ್ನ ನೀರು ಬಿಡುತ್ತೇವೆ. ಸಂಜೆ ಉಪವಾಸ ಮುರಿಯುವ ಮೊದಲು ಅಡುಗೆ ನಾನೇ ಮಾಡಿದ್ದೆ, ರುಚಿ ನೋಡುವ ಹಾಗಿಲ್ಲವಲ್ಲ. ಸಾರು ಬಾಯಿಗಿಟ್ಟ ಜೊತೆಗಾತಿ ಕಣ್ಣು ಮುಚ್ಚಿಕೊಂಡಳು. ಉಪ್ಪೋ ಉಪ್ಪು! ನೀರು ಕುಡಿದು ಕುಡಿದು ನಗುತ್ತಾ, “ಸಿಸ್ಟರ್, ನಾವು ಒಂದು ದಿನಕ್ಕೆ ಸೋತೆವು. ಟಂಟಂ ಅಣ್ಣನವರ ಮನೆಯಲ್ಲಿ ಒಂದು ತಿಂಗಳು ಹೇಗೆ ಅಡುಗೆ ಮಾಡುತ್ತಾರೆ?” ಅಂದಳು.

ನಾನು ಎದ್ದು ಅವಳನ್ನು ಅಪ್ಪಿಕೊಂಡೆ. ತಿಂಗಳುಗಟ್ಟಲೆ ರುಚಿ ನೋಡದೆ ಅಡುಗೆ ಮಾಡುವ ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ ಇತ್ತು.

ಆದರೆ ಹೋಗುವುದು ಹೇಗೆ? ರಮಜಾನ್ ತಿಂಗಳಲ್ಲಿ, ಎದೆಗೆ ಬಿಲ್ಲೆ ಹಚ್ಚಿಕೊಂಡ ಇಬ್ಬರು ಕ್ರೈಸ್ತ ಮಿಷನರಿಗಳು ಮುಸಲ್ಮಾನರ ಮನೆ ಹೊಕ್ಕರು ಅಂದರೆ ಊರಲ್ಲಿ ನೂರು ಮಾತು ಹುಟ್ಟುತ್ತದೆ, ಆ ಮನೆಯವರಿಗೂ ತೊಂದರೆ. ನಾನು ದುಡುಕುವವಳು. ಅವತ್ತು ಮಾತ್ರ ದುಡುಕಲಿಲ್ಲ. ಮಂಗಳವಾರದ ಸಭೆಯಲ್ಲಿ ಮೇಲಿನವರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರಾಗಿ ಕರೆದರೆ ಹೋಗಿ, ಧರ್ಮದ ಮಾತು ಬೇಡ ಅಂದರು. ಗ್ರಂಥ, ಚಿತ್ರಪಟ ಎಲ್ಲ ಮನೆಯಲ್ಲೇ ಬಿಟ್ಟು ಹೋಗುವುದು ಅಂತ ನಾವಿಬ್ಬರೂ ನಿಶ್ಚಯಿಸಿದೆವು. ಆ ಶುಕ್ರವಾರ ನನ್ನ ಚೀಲದಲ್ಲಿ ನೀರಿನ ಬಾಟಲಿ ಬಿಟ್ಟು ಏನೂ ಇರಲಿಲ್ಲ. ಬಿಲ್ಲೆ ತೆಗೆಯಲಿಲ್ಲ, ಯಾರೆಂದು ಮುಚ್ಚಿಟ್ಟು ಒಬ್ಬರ ಮನೆಗೆ ಹೋಗುವುದು ಸರಿಯಲ್ಲ ಅನ್ನಿಸಿತು.

ಟಂಟಂ ಅಣ್ಣನಿಗೆ ಸಂಗತಿ ಹೇಳಿದ್ದೇ ತಡ, “ಅಯ್ಯ, ಇದನ್ನ ಮೊದಲಽ ಕೇಳಬಾರದೇನ್ರಿ? ಬರ್ರಿ, ಬರ್ರಿ, ನಿಮ್ಮ ಭಾಬಿ ಮನ್ಯಾಗಽ ಅದಾಳ” ಅಂತ ತಾವೇ ಮುಂದೆ ನಡೆದರು. ಅಕ್ಕನೂ ಸೆರಗು ಸರಿಮಾಡಿಕೊಂಡು ಹಿಂದೆ ಬಂದಳು.

ಭಾಬಿ ಸಂಜೆಯ ಅಡುಗೆಗೆ ಕುಳಿತಿದ್ದರು. ತುಟಿ ಒಣಗಿದ್ದವು, ಕೈ ಮಾತ್ರ ಸರಸರ ನಡೆಯುತ್ತಿತ್ತು. ಅಕ್ಕ ತನ್ನ ಕಥೆಯನ್ನು ಮೊದಲಿಂದ ಹೇಳಿದಳು. ಗಂಡನ ಹೆಸರಿನ ಜೊತೆ ತನ್ನ ಹೆಸರು ಸೇರಬೇಕೆನ್ನುವುದನ್ನೂ, ನಾಲಿಗೆಗೆ ಹಚ್ಚಿ ಉಗುಳುವುದನ್ನೂ, ಅದರಿಂದ ಮನಸ್ಸಿಗಾಗುವ ಅಳುಕನ್ನೂ.

ಭಾಬಿ ಸೌಟು ಕೆಳಗಿಟ್ಟರು. “ನಮ್ಮಲ್ಲೂ ನಾಲಿಗಿ ತುದೀಗೆ ಹಚ್ಚಿ ಉಗುಳಿದ್ರ ರೋಜಾ ಮುರಿಯೂದಿಲ್ಲ ಅಂತ ಹೇಳೋರ ಅದಾರ್ರಿ. ನಡೀತೈತಿ ಅಂತ ನನಗೂ ಗೊತ್ತೈತಿ. ಆದ್ರ ನನಗ ಆಗೂದಿಲ್ಲ ನೋಡ್ರಿ.”

“ನನಗೂ ಹಂಗಽ ಆಗತೈತ್ರಿ ಭಾಬಿ!” ಅಂದಳು ಅಕ್ಕ. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಗೊಳ್ಳೆಂದು ನಕ್ಕರು. ನಾನು ಫೋನಿನಲ್ಲಿ ಜಗಳಾಡಿ ಪಡೆಯಲಾಗದ ಸಮಾಧಾನ ಆ ನಗುವಿನಲ್ಲಿ ಅಕ್ಕನಿಗೆ ಸಿಕ್ಕಿತ್ತು. ನನಗೂ ಹೊಟ್ಟೆ ತಂಪಾಯಿತು.

ಆಮೇಲೆ ಒಂದು ಪಾತೇಲಿ ಚಹಾಕ್ಕಿಟ್ಟು ಪಾಠ ಶುರುವಾಯಿತು. ಭಾಬಿ ಒಂದು ಬಟ್ಟಲಿಗೆ ಬಿಸಿ ಹಾಲು ಹಾಕಿ, ಅದರಲ್ಲಿ ಬೆಲ್ಲದ ಪುಡಿ ಚಿಟಿಕೆ ಉದುರಿಸಿ, ಮುಟ್ಟದೆ ಬಿಟ್ಟರು. ಒಡೆದರೆ ಉಪ್ಪಿನ ಬೆಲ್ಲ, ಆ ಪೆಂಟೆ ಚಹಾಕ್ಕೆ ಬೇಡ. ಬೆಲ್ಲ ಹಾಕುವುದು ಪಾತೇಲಿ ಒಲೆಯಿಂದ ಇಳಿಸಿದ ಮೇಲೆ; ಕುದಿಯುವಾಗ ಬೇಡ. ಕಡಕ್ ಆಯಿತೋ ಇಲ್ಲವೋ ನೋಡಲು ಲೋಟದ ಕೆಳಗಿಡುವ ಬಿಳಿ ಬಶಿಯಲ್ಲಿ ಒಂದು ಚಮಚ ಹಾಕಿ ಓರೆ ಮಾಡಬೇಕು, ಅಂಚಿನಲ್ಲಿ ಉಳಿಯುವ ಬಣ್ಣ ನೋಡಬೇಕು.

“ಮತ್ತ ಸಿಹಿ?” ಅಂದಳು ಅಕ್ಕ. ಅದೇ ಅವಳ ಕಷ್ಟ.

ಭಾಬಿ ಅಕ್ಕನ ಹೆಬ್ಬೆರಳು, ತೋರುಬೆರಳು ಹಿಡಿದು, ನಡುವೆ ಆರಿದ ಚಹಾದ ಒಂದು ಹನಿ ಬಿಟ್ಟರು. “ಒತ್ತಿ ಬಿಡ್ರಿ. ಅಂಟತೈತಲ್ಲ? ಎಷ್ಟ ಅಂಟತೈತಿ ಅಷ್ಟ ಸಿಹಿ. ನಾಲಿಗಿ ಕೆಲಸಾ ಬೆರಳಿಗೆ ಹಚ್ಚರಿ. ಇನ್ನ ಕಡೀಕ, ಕಣ್ಣ ಮುಚ್ಚಿ ಹಬಿ ತಗೋರಿ. ಹಸಿ ವಾಸನಿ ಮೂಗಿನ್ಯಾಗಽ ನಿಂದರತೈತಿ. ಹದಾ ಬಂದ ವಾಸನಿ ಗಂಟಲಕ್ಕ ಇಳೀತೈತಿ.”

ಅಕ್ಕ ಕಣ್ಣು ಮುಚ್ಚಿ ಪಾತೇಲಿಯ ಮೇಲೆ ಬಾಗಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಕೆನ್ನೆ ಒದ್ದೆ ಇತ್ತು. ಹಬೆಯಿಂದ ಇರಬಹುದು ಅಂದುಕೊಂಡೆವು. “ಅವರು ಹಿಂಗಽ ನಿಂದರ್ತಿದ್ರು” ಅಂದಳು.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಬೆರಳಿಗೆ ಅಂಟಿನ ಲೆಕ್ಕ ಹತ್ತಲು ದಿನ ಹಿಡಿಯಿತು, ಮತ್ತೊಂದೆರಡು ಪಾತೇಲಿ ಚೆಲ್ಲಿದಳು. ಭಾಬಿ ಮಧ್ಯಾಹ್ನ ಅಂಗಡಿಯ ಹಿಂಬದಿಗೆ ಬಂದು, ರೋಜಾ ಹಿಡಿದ ಬಾಯಿಂದಲೇ “ಇನ್ನೊಂದ ಕುದಿ ಬರ್ಲಿ, ಅವಸರ ಮಾಡಬ್ಯಾಡ್ರಿ” ಅನ್ನುತ್ತಿದ್ದರಂತೆ. ಒಬ್ಬಳು ಕುಡಿಯದವಳು, ಒಬ್ಬಳು ಕುಡಿಯುವ ಹಾಗಿಲ್ಲದವಳು, ಇಬ್ಬರೂ ಸೇರಿ ಮಾಡಿದ ಚಹಾಕ್ಕೆ ಎದುರಿನ ಅಂಗಡಿಗೆ ಹೋದವರು ಒಬ್ಬೊಬ್ಬರಾಗಿ ಮರಳಿ ಬಂದರು. ಪಾಯಸ ಅಂದಿದ್ದ ಗಿರಾಕಿ ಎರಡನೆಯ ಲೋಟ ಕೇಳಿದ ದಿನ ಅಕ್ಕ ನನಗೆ ಫೋನ್ ಮಾಡಿದ್ದಳು.

ಹಬ್ಬದ ನಂತರದ ರವಿವಾರ ಅಧ್ಯಕ್ಷರು ಅವಳನ್ನು ಒಳಕೋಣೆಗೆ ಕರೆದರು. ನಾವು ಹೊರಗೆ ಕುರ್ಚಿ ಜೋಡಿಸುವ ನೆಪದಲ್ಲಿ ಜೋಡಿಸಿದ್ದನ್ನೇ ಜೋಡಿಸಿದೆವು. ಬಾಗಿಲು ತೆರೆದಾಗ ಅಕ್ಕ ತಲೆಯೆತ್ತಿಕೊಂಡು ಬಂದಳು. “ಕೇಳಿದ್ರು. ಹೂಂ ಅಂದೆ. ಒಂದೀಟೂ ಅಳುಕಲಿಲ್ರಿ ಅಕ್ಕೋರ” ಅಂದಳು. ಅವಳ ಹಿಂದೆ ಬಂದ ಅಧ್ಯಕ್ಷರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಕರಗಿತು. ಅವತ್ತು ಅವರು ಫೋನಿನಲ್ಲಿ ನಡೀತೈತಿ ಅಂದಿದ್ದರೆ ಈ ಹೂಂ ಅವಳದಾಗುತ್ತಿರಲಿಲ್ಲ.

ಮಿಷನರಿಗಳು ತಮ್ಮ ಸೀಮೆ ಬಿಟ್ಟು ಹೋಗುವಂತಿಲ್ಲ, ಹಾಗಾಗಿ ನಾವು ದೇವಾಲಯಕ್ಕೆ ಹೋಗಲಿಲ್ಲ. ಅಕ್ಕ ಹೋಗಿ ಗಂಡನ ಹೆಸರಿಗೆ ತನ್ನ ಹೆಸರು ಬೆಸೆದು ಬಂದಳು; ಅವಳು ಊರಲ್ಲಿಲ್ಲದಷ್ಟು ದಿನ ಭಾಬಿ ಅವಳ ಒಲೆ ಆರಗೊಡಲಿಲ್ಲ. ಮರುವಾರ ನನಗೆ ಬೇರೆ ಊರಿಗೆ ವರ್ಗವಾಯಿತು. ನಮ್ಮಲ್ಲಿ ವರ್ಗದ ಸುದ್ದಿ ಬಂದರೆ ಚೀಲ ಕಟ್ಟುವುದಷ್ಟೇ. ಕೊನೆಯ ಶುಕ್ರವಾರ ಸುರೇಬಾನಕ್ಕೆ ಹೋದೆ. ಅಕ್ಕ ಒಲೆಯ ಮುಂದಿದ್ದಳು, ಭಾಬಿ ಲೋಟ ತೊಳೆಯುತ್ತಿದ್ದರು, ಟಂಟಂ ಅಣ್ಣ ತಮ್ಮ ಮೊದಲ ಗುಟುಕಿಗೆ ಕಾಯುತ್ತಿದ್ದರು.

“ಈಗ ಅಣ್ಣನ ರೋಜಾ ಮುಗಿದಾವಲ್ರಿ,” ಅಂದೆ. “ಇನ್ನ ಅವರಽ ರುಚಿ ನೋಡಬಹುದಲ್ಲ?”

ಅಕ್ಕ ಪಾತೇಲಿ ಇಳಿಸಿ ಬೆಲ್ಲ ಹಾಕಿದಳು. ಬೆರಳ ನಡುವೆ ಹನಿ ಒತ್ತಿ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಹಬೆಯ ಮೇಲೆ ಬಾಗಿದಳು, ಬಗಲಿಗೆ ಇನ್ನೊಬ್ಬರಿಗೆ ಜಾಗ ಬಿಟ್ಟು ನಿಂತ ಹಾಗೆ ಒಂದು ಪಕ್ಕಕ್ಕೆ ಸರಿದು.

“ಬ್ಯಾಡ್ರಿ ಅಕ್ಕೋರ,” ಅಂದಳು. “ಈಗ ನಾವಿಬ್ಬರೂ ಕೂಡೇ ವಾಸನಿ ನೋಡ್ತೇವಿ.”